ಸಿಮ್ ಅವಳದು, ಸೈಟು ಯಾರದು?

ನಮ್ಮ ಕಡೆಯ ವಾಟ್ಸ್‌ಆ್ಯಪ್ ಸ್ಟೇಟಸ್‌ಗಳಲ್ಲಿ ಈಗ ಒಂದೇ ಜಾಹೀರಾತು ತಿರುಗಿ ತಿರುಗಿ ಬರುತ್ತಿದೆ. "ರಿಯಲ್ ಎಸ್ಟೇಟ್ ಕಂಪನಿಗೆ ವರ್ಚುವಲ್ ಅಸಿಸ್ಟೆಂಟ್ ಬೇಕಾಗಿದ್ದಾರೆ. ಮಹಿಳೆಯರಿಗೆ ಆದ್ಯತೆ. ಮನೆಯಲ್ಲೇ ಕೆಲಸ. ಸ್ವಂತ ಮೊಬೈಲ್ ಇರಬೇಕು. ತಿಂಗಳಿಗೆ 9 ಸಾವಿರ ಪ್ಲಸ್ ಇನ್ಸೆಂಟಿವ್." ಕೆಳಗೆ ಒಂದು ಮೊಬೈಲ್ ನಂಬರ್. ಕಂಪನಿಗೆ ಹೆಸರಿಲ್ಲ, ವಿಳಾಸವಿಲ್ಲ, ಬೋರ್ಡಿಲ್ಲ.

ಕೆಲಸ ಬೇಕಾದವರು ಇಷ್ಟೆಲ್ಲ ನೋಡುತ್ತಾ ಕೂರುವುದಿಲ್ಲ ಎಂದು ಹಾಕಿದವರಿಗೂ ಗೊತ್ತು.

ಶಿಡ್ಲಘಟ್ಟ ಕಡೆಯ ಒಂದು ಹಳ್ಳಿಯ ಹುಡುಗಿ ಕಳೆದ ವರ್ಷ ಇಂಥದ್ದೇ ನಂಬರಿಗೆ ಫೋನ್ ಮಾಡಿದಳು. ಬಿ.ಕಾಂ ಮುಗಿಸಿದ್ದಳು. ತಾಯಿ ರೀಲಿಂಗ್ ಮನೆಯಲ್ಲಿ ಗೂಡು ಬಿಚ್ಚುವ ಕೆಲಸಕ್ಕೆ ಹೋಗುತ್ತಾರೆ, ಬಿಸಿನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿ ಬೆಳ್ಳಗಾಗಿದೆ. ಮಗಳಿಗೆ ಆ ಕೆಲಸ ಬೇಡ ಎಂಬುದು ಅವರ ಆಸೆ. ಫ್ಯಾನ್ ಕೆಳಗೆ ಕೂತು ಫೋನಿನಲ್ಲಿ ಮಾತಾಡಿ 9 ಸಾವಿರ ಎಂದರೆ ಆ ಮನೆಯಲ್ಲಿ ಯಾರು ಬೇಡ ಅನ್ನುತ್ತಾರೆ? ಹೆಸರು ಹಾಕಬೇಡಿ ಎಂದು ಅವಳು ಕೇಳಿಕೊಂಡಿದ್ದಾಳೆ, ಹಾಕುವುದಿಲ್ಲ.

ಮೊದಲಿಗೆ ಕೆಲಸ ಏನು ಎಂದು ಹೇಳಿಬಿಡೋಣ. ವರ್ಚುವಲ್ ಅಸಿಸ್ಟೆಂಟ್ ಎಂದರೆ ಆಫೀಸಿಗೆ ಬಾರದೆ ದೂರದಿಂದಲೇ ಆಫೀಸಿನ ಕೆಲಸ ಮಾಡುವ ಸಹಾಯಕಿ ಅಥವಾ ಸಹಾಯಕ. ಸೈಟುಗಳ ಫೋಟೊ, ಅಳತೆ, ಬೆಲೆಗಳನ್ನು ಜಾಲತಾಣಕ್ಕೆ ಹಾಕುವುದು, ವಿಚಾರಿಸಿದವರ ಪಟ್ಟಿ ಬರೆದಿಡುವುದು, ಭಾನುವಾರ ಸೈಟ್ ನೋಡಲು ಯಾರು ಬರುತ್ತಾರೆ ಎಂದು ಗೊತ್ತುಪಡಿಸುವುದು, ಕಾಗದಪತ್ರ ಸ್ಕ್ಯಾನ್ ಮಾಡಿ ಕಳಿಸುವುದು. ಇದರಲ್ಲಿ ತಪ್ಪೇನಿಲ್ಲ. ಅಮೆರಿಕದ ಮನೆ ಏಜೆಂಟರು ಫಿಲಿಪೀನ್ಸ್‌ನವರನ್ನು ಹೀಗೆ ಇಟ್ಟುಕೊಳ್ಳುವುದು ಹಳೆಯ ಪದ್ಧತಿ. ಆದರೆ ಅಲ್ಲಿ ಏಜೆಂಟನಿಗೆ ಲೈಸೆನ್ಸ್ ಇರಲೇಬೇಕು. ಲೈಸೆನ್ಸ್ ಇಲ್ಲದ ಸಹಾಯಕರು ಕಾಗದ ಜೋಡಿಸಬಹುದು, ಟೈಮ್ ಗೊತ್ತು ಮಾಡಬಹುದು, ಬೆಲೆಯ ಚೌಕಾಸಿಗೆ ಬಾಯಿ ಹಾಕುವಂತಿಲ್ಲ. ನಮ್ಮಲ್ಲಿಗೆ ಬರುವಾಗ ಕೆಲಸದ ಹೆಸರು ಮಾತ್ರ ಬಂತು, ಆ ಗೆರೆ ಅಲ್ಲೇ ಉಳಿಯಿತು.

ಆ ಹುಡುಗಿಗೆ ಮೊದಲ ದಿನ ಸಿಕ್ಕ ಸೂಚನೆ: ನಿನ್ನ ಹೆಸರಿನಲ್ಲಿ ಒಂದು ಹೊಸ ಸಿಮ್ ತಗೋ. ಎರಡನೆಯದು: ಫೋನಿನಲ್ಲಿ ಊರ ಹೆಸರು ಹೇಳಬೇಡ, ನಿನ್ನ ಹೆಸರೂ ಬೇಡ, ಸಿಟಿ ಹೆಸರು ಒಂದು ಇಟ್ಟುಕೋ. ಮೂರನೆಯದು ಒಂದು ಪುಟದ ಸಂಭಾಷಣೆ, ಬಾಯಿಪಾಠ ಮಾಡಬೇಕು. "ಸರ್, ಏರ್‌ಪೋರ್ಟ್‌ನಿಂದ ಬರೀ 25 ನಿಮಿಷ. ಡಾಕ್ಯುಮೆಂಟ್ ಎಲ್ಲಾ ಕ್ಲಿಯರ್ ಸರ್. ಈ ವಾರ ಕೊನೆಯ 6 ಸೈಟು ಸರ್." ದಿನಕ್ಕೆ 150 ಕರೆ. ಆ ಜಮೀನನ್ನು ಅವಳು ಒಮ್ಮೆಯೂ ನೋಡಿಲ್ಲ. ಕೊನೆಯ 6 ಸೈಟುಗಳು ಐದು ತಿಂಗಳಾದರೂ ಮುಗಿಯಲಿಲ್ಲ. ನಾವು ಆಮೇಲೆ ಬೈಕಿನಲ್ಲಿ ಅಲ್ಲಿಂದ ಏರ್‌ಪೋರ್ಟ್‌ವರೆಗೆ ಹೋಗಿ ನೋಡಿದೆವು. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು, ಅದೂ ಬೆಳಗಿನ ಜಾವ.

ಮೊದಲು ಹೋದದ್ದು ಅವಳ ಸಿಮ್.

ಜಾಹೀರಾತಿನ ಕರೆ ಮಾಡಬೇಕಾದರೆ ಕಂಪನಿ ಟೆಲಿಕಾಂ ಸೇವಾದಾರರ ಬಳಿ ನೋಂದಣಿ ಮಾಡಿಸಿ 140ರಿಂದ ಶುರುವಾಗುವ ನಂಬರ್ ತೆಗೆದುಕೊಳ್ಳಬೇಕು. ನಿಮ್ಮ ನಮ್ಮ 10 ಅಂಕಿಯ ನಂಬರಿನಿಂದ ಮಾಡುವಂತಿಲ್ಲ. ಇದು 2018ರ ಟ್ರಾಯ್ ನಿಯಮ. 2025ರ ಫೆಬ್ರುವರಿಯಲ್ಲಿ ಇದನ್ನು ಇನ್ನಷ್ಟು ಬಿಗಿ ಮಾಡಿದರು. 10 ದಿನದೊಳಗೆ 5 ದೂರು ಬಿದ್ದರೆ ಸಾಕು, ಕ್ರಮ ಶುರುವಾಗುತ್ತದೆ. ಮೊದಲ ತಪ್ಪಿಗೆ 15 ದಿನ ಹೊರಹೋಗುವ ಕರೆ ಬಂದ್. ಮತ್ತೆ ಸಿಕ್ಕಿಬಿದ್ದರೆ ಆ ವ್ಯಕ್ತಿಯ ಹೆಸರಿನಲ್ಲಿರುವ ಎಲ್ಲ ಸಂಪರ್ಕಗಳೂ ಒಂದು ವರ್ಷ ಕಡಿತ. ಗಮನಿಸಿ, ಯಾರ ಹೆಸರಿನಲ್ಲಿ ಸಿಮ್ ಇದೆಯೋ ಅವರದು. ಸಂಭಾಷಣೆ ಬರೆದುಕೊಟ್ಟವನದಲ್ಲ.

ಅವಳ ಹೆಸರಿನಲ್ಲಿ ಎರಡು ಸಿಮ್ ಇದ್ದವು. ಹೊಸದರ ಜೊತೆಗೆ ಹಳೆಯದರ ಹೊರಕರೆಯೂ ನಿಂತಿತು. ಹಳೆಯದು ಮನೆಯ ಏಕೈಕ ಫೋನು, ಅಪ್ಪನ ಬಿಪಿ ಮಾತ್ರೆಗೆ ಮೆಡಿಕಲ್ ಸ್ಟೋರಿಗೆ ಹೇಳುತ್ತಿದ್ದದ್ದೂ ಅದರಲ್ಲೇ. ಕಂಪನಿಯವನಿಗೆ ವಾಟ್ಸ್‌ಆ್ಯಪ್‌ನಲ್ಲಿ ತಿಳಿಸಿದರೆ ಬಂದ ಉತ್ತರ: "ಅಮ್ಮನ ಹೆಸರಲ್ಲಿ ಇನ್ನೊಂದು ತಗೊಳ್ಳಮ್ಮಾ, ಏನೀಗ?"

ಏನೀಗ ಎನ್ನುವುದು ಆಮೇಲೆ ಗೊತ್ತಾಯಿತು. ಸಾರಿಗೆ ಸಂಸ್ಥೆಯಿಂದ ನಿವೃತ್ತರಾದ ಒಬ್ಬ ಕಂಡಕ್ಟರ್ ಅವಳ ಮಾತು ನಂಬಿ ಸೈಟು ನೋಡಲು ಹೋಗಿದ್ದರು, ನೋಡಿ ಟೋಕನ್ ಎಂದು 50 ಸಾವಿರ, ಆಮೇಲೆ ಕಂತಿನಲ್ಲಿ ಮೂರೂವರೆ ಲಕ್ಷ ಕಟ್ಟಿದ್ದರು. ಗ್ರಾಚ್ಯುಟಿ ಹಣ. ಜಮೀನು ಭೂ ಪರಿವರ್ತನೆ ಆಗಿಯೇ ಇರಲಿಲ್ಲ. ಪಹಣಿಯಲ್ಲಿ ಇನ್ನೂ ರಾಗಿ ಬೆಳೆಯುತ್ತಿತ್ತು. ಕಲ್ಲು ನೆಟ್ಟು ಸುಣ್ಣ ಬಳಿದದ್ದನ್ನೇ ಲೇಔಟ್ ಎಂದು ತೋರಿಸಿದ್ದರು. ಯಲಹಂಕದ ಕಡೆ ಇದ್ದ ಆಫೀಸು ಖಾಲಿಯಾಗಿತ್ತು, ಮಾಲೀಕನ ನಂಬರ್ ಸ್ವಿಚ್ ಆಫ್. ಉಳಿದದ್ದು ಆ ಹುಡುಗಿಯ ನಂಬರ್ ಒಂದೇ. ಟ್ರೂಕಾಲರ್‌ನಲ್ಲಿ ಅವಳ ನಿಜ ಹೆಸರು ಸಿಕ್ಕಿತು, ಫೇಸ್‌ಬುಕ್‌ನಲ್ಲಿ ಊರು ಸಿಕ್ಕಿತು. ಒಂದು ಬುಧವಾರ ಮಧ್ಯಾಹ್ನ ಅವರು ಬಸ್ಸಿಳಿದು ಅರಳಿಕಟ್ಟೆ ಹತ್ತಿರ ಅವಳ ಮನೆ ಎಲ್ಲಿ ಎಂದು ಕೇಳಿದರು.

ಆ ಹೊತ್ತಿಗೆ ಊರಿಗೆ ಊರೇ ಅವರ ಹಿಂದೆ ಬಂತು. ಮನೆ ಮುಂದೆ ನಿಂತು ಅವರು ಕೂಗಾಡಲಿಲ್ಲವಂತೆ. "ನೀನು ನನ್ನ ಮಗಳ ಥರ ಮಾತಾಡಿದ್ದೆ ಕಣಮ್ಮಾ" ಅಂದರಂತೆ. ಅಪ್ಪ ಒಳಗಿನಿಂದ ಬಂದು ಮಗಳನ್ನು ಕೇಳಿದ್ದು ಒಂದೇ: "ಯಾರ ದುಡ್ಡು ತಿಂದೆ?"

ಅವಳು ತಿಂದದ್ದು ಐದು ತಿಂಗಳಲ್ಲಿ 31 ಸಾವಿರ. ಎರಡು ತಿಂಗಳ ಸಂಬಳ ಬಾಕಿಯೇ ಇದೆ. ಇನ್ಸೆಂಟಿವ್ ಎಂದರೆ ಸೈಟ್ ನೋಡಲು ಬಂದ ಪ್ರತಿಯೊಬ್ಬರಿಗೆ 100 ರೂಪಾಯಿ, ಬುಕ್ಕಿಂಗ್ ಆದರೆ ಸಾವಿರ. ಕಂಡಕ್ಟರ್ ಬುಕ್ಕಿಂಗಿನ ಆ ಸಾವಿರ ರೂಪಾಯಿ ಅವಳಿಗೆ ಬಂದಿತ್ತು. ಅದನ್ನು ಮುಚ್ಚಿಟ್ಟು ಬರೆಯುವುದು ನಮಗೆ ಇಷ್ಟವಿಲ್ಲ, ಅವಳೂ ಮುಚ್ಚಿಡಲಿಲ್ಲ.

ಇಲ್ಲಿ ಕೆಲವರು ಹೇಳುತ್ತಾರೆ, ಓದಿದ ಹುಡುಗಿ, ಸುಳ್ಳು ಎಂದು ಗೊತ್ತಾಗಲಿಲ್ಲವೇ? ನಮ್ಮ ಬಳಗದಲ್ಲೇ ಈ ಮಾತು ಬಂತು. ಗೊತ್ತಾಗುವುದು ಹೇಗೆ ಹೇಳಿ. ಅವಳ ಕೈಗೆ ಒಂದು ಕಾಗದ ಕೊಡಲಿಲ್ಲ, ಸರ್ವೆ ನಂಬರ್ ಕೇಳಿದ್ದಕ್ಕೆ "ಅದು ಲೀಗಲ್ ಟೀಮ್ ನೋಡ್ಕೊಳ್ಳುತ್ತೆ" ಅಂದರು. ಲೀಗಲ್ ಟೀಮ್ ಎಂದರೆ ಇನ್ನೊಬ್ಬ ವರ್ಚುವಲ್ ಅಸಿಸ್ಟೆಂಟ್ ಇದ್ದರೂ ಇರಬಹುದು.

ಈಗ ಕಾನೂನಿಗೆ ಬರೋಣ. 2016ರ ರೇರಾ ಕಾಯ್ದೆ ಪ್ರಕಾರ 500 ಚದರ ಮೀಟರ್ ಮೀರಿದ ಲೇಔಟ್ ಯೋಜನೆಗೆ ನೋಂದಣಿ ಇಲ್ಲದೆ ಜಾಹೀರಾತೂ ಕೊಡುವಂತಿಲ್ಲ, ಬುಕ್ಕಿಂಗೂ ತೆಗೆದುಕೊಳ್ಳುವಂತಿಲ್ಲ. 500 ಚದರ ಮೀಟರ್ ಎಂದರೆ ನಮ್ಮ ಲೆಕ್ಕದಲ್ಲಿ ಐದು ಗುಂಟೆಗೂ ಒಂದಿಷ್ಟು ಕಡಿಮೆ. ಬರೆದ ಕರಾರು ಇಲ್ಲದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ನೋಂದಣಿಯಾಗಬೇಕಾದ ಯೋಜನೆಯ ಸೈಟು ಮಾರಿಸುವ ಏಜೆಂಟನಿಗೆ ತನ್ನದೇ ರೇರಾ ನೋಂದಣಿ ಇರಬೇಕು. ಇಲ್ಲದೆ ವ್ಯವಹಾರ ಮಾಡಿದರೆ ದಿನಕ್ಕೆ 10 ಸಾವಿರ ರೂಪಾಯಿ ದಂಡ, ಒಟ್ಟು ಆಸ್ತಿಯ ಬೆಲೆಯ ಶೇ 5ರವರೆಗೆ ಏರಬಹುದು.

ಸರಿ, ಏಜೆಂಟ್ ಎಂದರೆ ಯಾರು? ಕಾಯ್ದೆಯ 2ನೇ ಸೆಕ್ಷನ್ ಓದಿ. ಯಾವುದೇ ಮಾಧ್ಯಮದ ಮೂಲಕ ಕೊಳ್ಳುವವರನ್ನೂ ಮಾರುವವರನ್ನೂ ಪರಿಚಯಿಸಿ, ಕಮಿಷನ್ ಆಗಲಿ ಇನ್ನೊಂದಾಗಲಿ ಪ್ರತಿಫಲ ಪಡೆಯುವವರು, ಯಾವ ಹೆಸರಿನಿಂದ ಕರೆದರೂ ಸರಿ, ಏಜೆಂಟ್ ಎನ್ನುವ ಅರ್ಥ ಬರುವಂತೆ ಅಲ್ಲಿ ಬರೆದಿದೆ. ಯಾವುದೇ ಮಾಧ್ಯಮ ಎಂದರೆ ಫೋನೂ ಬಂತು, ವಾಟ್ಸ್‌ಆ್ಯಪ್ಪೂ ಬಂತು. ಯಾವ ಹೆಸರಿನಿಂದ ಕರೆದರೂ ಎಂದ ಮೇಲೆ ಅಸಿಸ್ಟೆಂಟ್ ಎಂಬ ಹೆಸರೂ ಕಾಪಾಡುವುದಿಲ್ಲ. ನಾವು ವಕೀಲರಲ್ಲ. ಆದರೆ ನೇಮಕಾತಿ ಪತ್ರವಿಲ್ಲದೆ, ಫ್ರೀಲ್ಯಾನ್ಸ್ ಎಂದು ಹೇಳಿಸಿಕೊಂಡು, ಬುಕ್ಕಿಂಗಿಗೆ ಸಾವಿರ ಪಡೆದ ಹುಡುಗಿ ಆ ಸಾಲುಗಳ ಎದುರು ನಿಂತರೆ ಎಲ್ಲಿ ನಿಲ್ಲುತ್ತಾಳೆ ಎಂದು ಊಹಿಸಲು ವಕೀಲರೇ ಆಗಬೇಕಿಲ್ಲ. ಅವಳು ಸಂಬಳದ ನೌಕರಳು ಎಂಬುದಕ್ಕೆ ಒಂದು ಕಾಗದ ಇದ್ದಿದ್ದರೆ "ನಾನು ಕೆಲಸದವಳು, ಉತ್ತರ ಕೊಡಬೇಕಾದವರು ಅವರು" ಎಂದು ಬೆರಳು ತೋರಿಸಬಹುದಿತ್ತು. ಆ ಕಾಗದ ಕೊಡದಿರುವುದು ಮರೆವು ಎಂದು ನಾವು ನಂಬುವುದಿಲ್ಲ.

ಆದ್ದರಿಂದ ನಮ್ಮ ಮಾತು ಇದು: ಈ ಧಂದೆಯವರು ಹುಡುಕುತ್ತಿರುವುದು ಸಹಾಯಕಿಯನ್ನಲ್ಲ, ಸಿಕ್ಕಿಬಿದ್ದಾಗ ಮುಂದೆ ನಿಲ್ಲಿಸಲು ಒಬ್ಬಳನ್ನು. ಸಿಮ್ ಅವಳದು, ದನಿ ಅವಳದು, ಟ್ರೂಕಾಲರ್‌ನ ಹೆಸರು ಅವಳದು. ದುಡ್ಡು ಮಾತ್ರ ಅವಳದಲ್ಲ. ರೀಲಿಂಗ್ ಮನೆಯ ಮಾಲೀಕ ಎಷ್ಟೇ ಜುಗ್ಗನಾಗಿರಲಿ, ಶನಿವಾರ ಬಟವಾಡೆ ಕೊಡದಿದ್ದರೆ ಅವಳ ತಾಯಿ ಹೋಗಿ ಬಾಗಿಲಲ್ಲಿ ಕೂರುತ್ತಿದ್ದರು. ಮಗಳ ಮಾಲೀಕನಿಗೆ ಬಾಗಿಲೇ ಇಲ್ಲ.

ಇನ್ನೊಂದು ವಿಷಯ ಹೇಳಬೇಕು. ಹಳ್ಳಿಯಲ್ಲಿ ಕೂತು ಇದನ್ನು ಓದುತ್ತಿರುವ ನಿಮಗೆ ಇದು ಸೈಟು ಕೊಂಡವರ ಕಥೆಗಿಂತ ಹತ್ತಿರದ್ದು.

ಮೂರನೇ ತಿಂಗಳಲ್ಲಿ ಅವಳಿಗೆ ಹೊಸ ಕೆಲಸ ಕೊಟ್ಟರು. "ಲ್ಯಾಂಡ್ ಡೇಟಾ" ಎಂದು ಅದರ ಹೆಸರು. ಅವಳ ಊರು, ಅಕ್ಕಪಕ್ಕದ ನಾಲ್ಕು ಊರುಗಳ ಸರ್ವೆ ನಂಬರ್ ಹಿಡಿದು ಭೂಮಿ ಜಾಲತಾಣದಲ್ಲಿ ಪಹಣಿ ತೆಗೆದು ಎಕ್ಸೆಲ್ ಶೀಟಿಗೆ ತುಂಬಬೇಕು. ಮಾಲೀಕರ ಹೆಸರು, ವಿಸ್ತೀರ್ಣ, 11ನೇ ಕಾಲಂನಲ್ಲಿ ಬ್ಯಾಂಕ್ ಸಾಲ ಇದೆಯೇ ಇಲ್ಲವೇ. ಇಷ್ಟು ಯಾರು ಬೇಕಾದರೂ ನೋಡಬಹುದಾದ ಮಾಹಿತಿ, ತಕರಾರಿಲ್ಲ. ಆದರೆ ಶೀಟಿನಲ್ಲಿ ಮುಂದೆ ಇನ್ನೂ ಮೂರು ಖಾನೆಗಳಿದ್ದವು. ಮನೆಯಲ್ಲಿ ಮದುವೆಗೆ ಬಂದ ಹೆಣ್ಣುಮಕ್ಕಳಿದ್ದಾರೆಯೇ. ಅಣ್ಣತಮ್ಮಂದಿರ ನಡುವೆ ಭಾಗದ ಜಗಳ ಇದೆಯೇ. ಕಾಯಿಲೆಯವರು ಇದ್ದಾರೆಯೇ. ಫೋನ್ ನಂಬರ್ ಸಮೇತ ತುಂಬಿದ ಪ್ರತಿ ಸಾಲಿಗೆ 20 ರೂಪಾಯಿ.

ಪಹಣಿಯಲ್ಲಿ ಇಲ್ಲದ ಈ ಮೂರು ಖಾನೆ ತುಂಬಲು ಊರ ಹುಡುಗಿಯೇ ಬೇಕು. ಬೋರ್‌ವೆಲ್ ಫೇಲಾಗಿ ಸಾಲದಲ್ಲಿ ಮುಳುಗಿದವರು ಯಾರು, ಯಾರ ಮನೆಯ ಮುದುಕಪ್ಪ ಡಯಾಲಿಸಿಸ್‌ಗೆ ಹೋಗುತ್ತಾರೆ, ಇವೆಲ್ಲ ನೀರು ಹಿಡಿಯುವ ಜಾಗದಲ್ಲಿ, ಡೇರಿಯ ಕ್ಯೂನಲ್ಲಿ ಗೊತ್ತಾಗುವ ಸಂಗತಿಗಳು. 2020ರಲ್ಲಿ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು 79ಎ, 79ಬಿ ತೆಗೆದ ಮೇಲೆ ಕೃಷಿಕರಲ್ಲದವರೂ ಸಲೀಸಾಗಿ ಹೊಲ ಕೊಳ್ಳಬಹುದು. ಕೊಳ್ಳುವವರಿಗೆ ಈಗ ಬೇಕಿರುವುದು ಒಂದೇ, ಯಾರ ಕುತ್ತಿಗೆ ಯಾವಾಗ ಬಿಗಿದಿದೆ ಎನ್ನುವ ಸುದ್ದಿ. ಹಿಂದೆ ಈ ಸುದ್ದಿ ಕೊಡುತ್ತಿದ್ದ ಊರ ಬ್ರೋಕರ್ ಯಾರೆಂದು ಎಲ್ಲರಿಗೂ ಗೊತ್ತಿರುತ್ತಿತ್ತು, ಅವನು ಬಂದರೆ ಮಾತು ನಿಲ್ಲಿಸುತ್ತಿದ್ದೆವು. ಈಗ ನಮ್ಮದೇ ಮಕ್ಕಳ ಕೈಯಲ್ಲಿ, ಅವರಿಗೂ ಅರಿವಿಲ್ಲದಂತೆ, ಸಾಲಿಗೆ 20 ರೂಪಾಯಿಯಂತೆ ತುಂಬಿಸಿಕೊಳ್ಳುತ್ತಿದ್ದಾರೆ.

ಅವಳು 60 ಸಾಲು ತುಂಬಿದಳು. 61ನೆಯದು ಅವಳ ದೊಡ್ಡಪ್ಪನ ಹೊಲ. ಅಲ್ಲಿ ನಿಲ್ಲಿಸಿದಳು. ಅಲ್ಲಿವರೆಗೆ ಅದು ಹೊಲ ಅನ್ನಿಸಿರಲಿಲ್ಲ, ನಂಬರ್ ಅನ್ನಿಸಿತ್ತು ಎಂದು ಹೇಳಿದಳು.

ಎಲ್ಲರೂ ಹೀಗೇ ಎನ್ನುತ್ತಿಲ್ಲ. ಚಿಂತಾಮಣಿಯಲ್ಲಿ ಒಬ್ಬರು ಬ್ರೋಕರ್ ಇದ್ದಾರೆ, ಒಂದು ಟೇಬಲ್ ಎರಡು ಕುರ್ಚಿಯ ಆಫೀಸು. ಅವರೂ ಒಬ್ಬಳನ್ನು ಮನೆಯಿಂದಲೇ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ, ಹೆರಿಗೆಯಾಗಿ ತವರಿನಲ್ಲಿದ್ದ ಹೆಣ್ಣುಮಗಳು. ಸಿಮ್ ಆಫೀಸಿನ ಹೆಸರಿನದು. ಲೆಟರ್‌ಹೆಡ್‌ನಲ್ಲಿ ನೇಮಕಾತಿ ಪತ್ರ ಕೊಟ್ಟಿದ್ದಾರೆ, ಸಂಬಳ 5ನೇ ತಾರೀಖಿಗೆ ಬ್ಯಾಂಕಿಗೆ. ಅವಳು ತಾವಾಗಿಯೇ ವಿಚಾರಿಸಿದವರಿಗೆ ಮಾತ್ರ ಉತ್ತರಿಸುತ್ತಾಳೆ. ದಿಶಾಂಕ್ ಆ್ಯಪ್‌ನಲ್ಲಿ ಜಾಗ ನೋಡಿ ಸರ್ವೆ ನಂಬರ್ ತಾಳೆ ಮಾಡುತ್ತಾಳೆ, ಗ್ರಾಮ ಪಂಚಾಯ್ತಿ ಸೈಟಾದರೆ ಇ-ಸ್ವತ್ತಿನ ನಮೂನೆ 9, 11ಎ ಇದೆಯೇ ಎಂದು ಕೇಳಿ ಫೈಲು ಮಾಡುತ್ತಾಳೆ, ಹೊಲದಲ್ಲಿ ಒಂದು ತುಂಡು ಮಾತ್ರ ಮಾರುವುದಾದರೆ 11ಇ ನಕ್ಷೆ ಕೇಳುತ್ತಾಳೆ. ಬೆಲೆ ಮಾತು ಬಂದ ಕೂಡಲೇ "ಸರ್ ಜೊತೆ ಮಾತಾಡಿ" ಎಂದು ಫೋನ್ ಅವರಿಗೆ ದಾಟಿಸುತ್ತಾಳೆ. ಖರ್ಚು ಜಾಸ್ತಿ ಆಗಲಿಲ್ಲವೇ ಎಂದು ಕೇಳಿದೆವು. "ಆಗುತ್ತೆ. ಆದ್ರೆ ನಾಳೆ ಏನಾದ್ರೂ ಆದ್ರೆ ಜನ ನನ್ನ ಮನೆಗೆ ಬರ್ಲಿ, ಬಾಣಂತಿ ಮನೆಗೆ ಯಾಕೆ ಹೋಗ್ಬೇಕು?" ಅಂದರು. ಟೀ ಕೊಡಿಸಿ ಕಳಿಸಿದರು.

ಹಾಗಾದರೆ ಆಗದ ಕೆಲಸವೇನಲ್ಲ ಇದು. ಸಣ್ಣ ಬಂಡವಾಳದವರಿಂದಲೇ ಆಗುತ್ತಿದೆ. ಬೆಂಗಳೂರಿನ ಫ್ಲೈಓವರ್‌ಗಳ ಪಕ್ಕ ಹೋರ್ಡಿಂಗ್ ಹಾಕಿಸುವವರಿಗೆ ಒಂದು ಸಿಮ್ಮಿಗೆ ದುಡ್ಡಿಲ್ಲ ಎಂದರೆ ಯಾರು ನಂಬಬೇಕು?

"ಏನೋ ಒಂದು ಕೆಲಸ ಕೊಡುತ್ತಿದ್ದಾರಲ್ಲ, ನೀವು ಬರೆದು ಅದನ್ನೂ ಕೆಡಿಸಬೇಡಿ" ಎನ್ನುವವರೂ ಇದ್ದಾರೆ. ಈ ಮಾತಿಗೆ ನಮ್ಮಲ್ಲಿ ಸಿಟ್ಟಿಗಿಂತ ಮುಜುಗರ ಜಾಸ್ತಿ. ಯಾಕೆಂದರೆ ನಮ್ಮ ಡಿಪ್ಲೊಮಾ ಬ್ಯಾಚಿನವನೇ ಒಬ್ಬ, ಪತ್ರಿಕೆಯಿಂದ ಆರು ತಿಂಗಳು ದುಡ್ಡು ಬಾರದೆ ಇದ್ದಾಗ, ಇದೇ ಕೆಲಸವನ್ನು ನಾಲ್ಕು ತಿಂಗಳು ಮಾಡಿದ. ಲೇಔಟ್‌ಗಳ ರೀಲ್ಸ್‌ಗೆ ಮಾತು ಬರೆದುಕೊಟ್ಟ. ಪ್ರಕೃತಿಯ ಮಡಿಲು, ನಂದಿ ಬೆಟ್ಟದ ತಂಗಾಳಿ, ಇತ್ಯಾದಿ. ಬರವಣಿಗೆ ಕಲಿತದ್ದು ಅಲ್ಲಿ ಉಪಯೋಗಕ್ಕೆ ಬಂತು ಎಂದು ನಗುತ್ತಾನೆ.

ಇನ್ನು ನಮ್ಮ ಗತಿ. ಜಿಲ್ಲಾ, ತಾಲ್ಲೂಕು ಸ್ಟ್ರಿಂಗರ್‌ಗಳಾದ ನಮ್ಮಲ್ಲಿ ಎಷ್ಟು ಜನರ ಬಳಿ ನೇಮಕಾತಿ ಪತ್ರ ಇದೆ? ನಮ್ಮದೂ ಸ್ವಂತ ಬೈಕು, ಸ್ವಂತ ಫೋನು, ಸ್ವಂತ ಪೆಟ್ರೋಲು. ಸುದ್ದಿ ತಪ್ಪಾದರೆ ಮನೆ ಮುಂದೆ ಬರುವುದು ನಮ್ಮನ್ನು ಹುಡುಕಿಕೊಂಡೇ. ಯುಗಾದಿ, ದೀಪಾವಳಿ ಪುರವಣಿಗೆ ಜಾಹೀರಾತು ತರಬೇಕೆಂದು ಮೇಲಿನಿಂದ ಗುರಿ ಕೊಡುತ್ತಾರೆ. ನಾವು ಹೋಗಿ ನಿಲ್ಲುವುದು ಇದೇ ಲೇಔಟ್‌ನವರ ಮುಂದೆ, "ಸರ್, ಒಂದು ಕಾಲು ಪುಟ" ಎಂದು. ರೇರಾ ನಂಬರ್ ಇಲ್ಲದ ಜಾಹೀರಾತು ನಮ್ಮ ಕೈಯಿಂದಲೂ ಹೋಗಿದೆ. ಆ ಹುಡುಗಿಯ ಮನೆಯಲ್ಲಿ ಕೂತು ಅವಳ ಮಾತು ಬರೆದುಕೊಳ್ಳುವಾಗ ಗೋಡೆಗೆ ಅಂಟಿಸಿದ್ದ ಹಳೆಯ ಪೇಪರಿನಲ್ಲಿ ಅಂಥದ್ದೊಂದು ಕಂಡಿತು. ಅದನ್ನು ತಂದವರು ನಾವಲ್ಲ ಎಂದು ಖಚಿತವಾಗಿ ಹೇಳಲಾರೆವು.

ಅದಕ್ಕೇ ಇದನ್ನು ಪತ್ರಿಕೆಗೆ ಕಳಿಸದೆ ಇಲ್ಲಿ ಬರೆಯುತ್ತಿದ್ದೇವೆ.

2025ರಲ್ಲಿ ರಾಜ್ಯ ಸರ್ಕಾರ ಗಿಗ್ ಕಾರ್ಮಿಕರಿಗೆ ಕಾಯ್ದೆ ತಂದಿದೆ, ಒಳ್ಳೆಯದೇ. ಆದರೆ ಅದು ಆ್ಯಪ್ ನಡೆಸುವ ಪ್ಲಾಟ್‌ಫಾರ್ಮ್‌ಗಳ ಮೂಲಕ ದುಡಿಯುವವರದು. ವಾಟ್ಸ್‌ಆ್ಯಪ್‌ನಲ್ಲಿ "ನಾಳೆಯಿಂದ ಬಾ" ಎಂದು ಕೆಲಸಕ್ಕೆ ಕರೆದು, ವಾಟ್ಸ್‌ಆ್ಯಪ್‌ನಲ್ಲೇ ಬ್ಲಾಕ್ ಮಾಡಿ ಕೆಲಸದಿಂದ ತೆಗೆಯುವ ಮಾಲೀಕ ಅದರ ಲೆಕ್ಕಕ್ಕೆ ಸಿಗುವುದು ಕಷ್ಟ. ಕಾರ್ಮಿಕ ಇಲಾಖೆಗೆ ದೂರು ಕೊಡೋಣ ಎಂದರೆ ಮೊದಲು ಕೇಳುವುದು ಸಂಸ್ಥೆಯ ಹೆಸರು, ವಿಳಾಸ. ಅವಳ ಬಳಿ ಇರುವುದು ಒಂದು ಡಿಪಿ, ಅದರಲ್ಲಿ ಒಂದು ಬಿಳಿ ಕಾರು.

ನಿಮ್ಮ ಮನೆಯ ಮಗಳೋ ತಂಗಿಯೋ ಇಂಥ ಕೆಲಸಕ್ಕೆ ಹೊರಟರೆ ತಡೆಯಬೇಡಿ. ಆ ಕಡೆಯವರನ್ನು ನಾಲ್ಕು ಮಾತು ಕೇಳಲು ಹೇಳಿ: ಕಂಪನಿ ಸಿಮ್ ಕೊಡುತ್ತೀರಾ, ನಿಮ್ಮ ರೇರಾ ನಂಬರ್ ಎಷ್ಟು, ನಾನು ಮಾತಾಡಬೇಕಾದ ಲೇಔಟ್‌ನ ರೇರಾ ನಂಬರ್ ಎಷ್ಟು, ನೇಮಕಾತಿ ಪತ್ರ ಯಾವಾಗ. ನಂಬರ್ ಕೊಟ್ಟರೆ ಕರ್ನಾಟಕ ರೇರಾ ಜಾಲತಾಣದಲ್ಲಿ ಅಲ್ಲೇ ನೋಡಬಹುದು, ದುಡ್ಡು ಕೊಡಬೇಕಿಲ್ಲ. ನಾವೇ ಕಳೆದ ವಾರ ಸ್ಟೇಟಸ್‌ನಲ್ಲಿ ಬಂದ ಏಳು ನಂಬರಿಗೆ ಫೋನ್ ಮಾಡಿ ಕೆಲಸ ಕೇಳುವವರಂತೆ ಈ ನಾಲ್ಕನ್ನೂ ಕೇಳಿದೆವು. ಐವರು ಎರಡನೇ ಪ್ರಶ್ನೆಗೆ ಫೋನ್ ಇಟ್ಟರು. ಒಬ್ಬರು ಬೈದರು. ಒಬ್ಬರು ಮಾತ್ರ ಎರಡೂ ನಂಬರ್ ಹೇಳಿ, "ಪತ್ರ ಟ್ರೇನಿಂಗ್ ಮುಗಿದ ಮೇಲೆ" ಅಂದರು.

ಕಂಡಕ್ಟರ್ ಈಗ ರೇರಾಗೆ ದೂರು ಕೊಡಲು ಹೊರಟಿದ್ದಾರೆ. ಅವರ ಬಳಿ ಇರುವ ರಸೀದಿಯಲ್ಲಿ ಸೀಲು ಇದೆ, ಹೆಸರಿಲ್ಲ. ದೂರಿನಲ್ಲಿ ಏಜೆಂಟ್ ಯಾರು ಎನ್ನುವಲ್ಲಿ ಅವರು ಮೊದಲು ಬರೆದಿದ್ದದ್ದು ಆ ಹುಡುಗಿಯ ಹೆಸರು, ಬೇರೆ ಯಾವ ಹೆಸರೂ ಅವರಿಗೆ ಗೊತ್ತಿರಲಿಲ್ಲ. ನಾವು ಇಬ್ಬರನ್ನೂ ಕೂರಿಸಿ ಮಾತಾಡಿಸಿದೆವು. ಅವಳ ಫೋನಿನಲ್ಲಿ ಐದು ತಿಂಗಳ ಚಾಟ್ ಹಾಗೇ ಇದೆ, ವಾಯ್ಸ್ ಮೆಸೇಜ್‌ಗಳಿವೆ, ಸಂಬಳ ಬಂದ ಯುಪಿಐ ಖಾತೆಯ ಹೆಸರಿದೆ. ಅವರು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಓದಿದರು, ಆಮೇಲೆ ಅರ್ಜಿಯಲ್ಲಿ ಅವಳ ಹೆಸರಿನ ಮೇಲೆ ಗೆರೆ ಎಳೆದು ಪಕ್ಕದಲ್ಲಿ ಸಾಕ್ಷಿ ಎಂದು ಬರೆದರು. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಇಬ್ಬರೂ ಬೆಂಗಳೂರಿಗೆ ಹೋಗುತ್ತಿದ್ದಾರೆ. ಅವರಿಗೆ ಪಾಸ್ ಇದೆ, ಅವಳ ಟಿಕೆಟ್ ಅವರೇ ತೆಗೆಸುತ್ತಾರಂತೆ.